ನಾಯಿಗೆ ಏಡಿ ಕಲಿಸಿದ ಆಟ

ಮರಳಿನ ಮೇಲೆ ಪ್ರಾಣಿಗಳ ಫುಟ್‌ಬಾಲ್ ಪಂದ್ಯ. ಬೊಗ್ಗನೆಂಬ ನಾಯಿಗೆ ಕಡಲ ಬದಿಯನ್ನು ಕಾಯುವ ಕೆಲಸ. ಆ ಬದಿಗೆ ನೀರೇ ಮೈದಾನದ ಗೆರೆ. ಆದರೆ ಓಡುವುದನ್ನು ಕಂಡರೆ ಅಟ್ಟದೆ ಇರಲಾಗದ ಜಾತಿ ಅವನದು. ಎದುರಾಳಿ ಜಿಂಕೆ ಅಂಚಿನಲ್ಲಿ ಚೆಂಡು ತಂದಾಗಲೆಲ್ಲ ಮೇಲೆರಗುತ್ತಿದ್ದ. ಜಿಂಕೆ ಛಂಗನೆ ಒಳಕ್ಕೆ ತಿರುಗಿ ಚೆಂಡನ್ನು ಗೋಲಿನ ಮುಂದಕ್ಕೆ ಎತ್ತುತ್ತಿತ್ತು. ಅಲ್ಲಿ ಕಾದಿದ್ದ ಹೋತ ಹಣೆಯಿಂದ ಗುದ್ದುತ್ತಿತ್ತು. ಅರ್ಧ ಆಟಕ್ಕೇ ಎರಡು ಗೋಲು.

“ಇನ್ನೊಂದು ಬಿದ್ದರೆ ನಿನ್ನ ಜಾಗಕ್ಕೆ ಆಮೆ,” ಎಂದರು ತರಬೇತಿ ಕೊಡುವ ಏಡಿ ಮಾಸ್ತರರು.

“ನನಗಿಂತ ಜೋರು ಓಡುವವರು ನಮ್ಮಲ್ಲಿ ಯಾರಿದ್ದಾರೆ ಮಾಸ್ತರೇ?”

“ಯಾರೂ ಇಲ್ಲ. ಎಲ್ಲಿ, ಚೆಂಡು ತಳ್ಳಿಕೊಂಡು ನನ್ನನ್ನು ದಾಟು ನೋಡೋಣ.”

ಏಡಿ ಎರಗಲಿಲ್ಲ, ಮುಟ್ಟಲೂ ಇಲ್ಲ. ಒಳಗಿನ ದಾರಿ ಬಿಟ್ಟುಕೊಡದೆ ಅವನ ಜೊತೆಜೊತೆಗೇ ಅಡ್ಡಡ್ಡ ನಡೆದರು. ನೋಡುವಷ್ಟರಲ್ಲಿ ಬೊಗ್ಗನ ಕಾಲಿಗೆ ತಣ್ಣಗೆ ನೀರು ತಾಗಿತು.

“ತಡೆದದ್ದು ಯಾರು?”

ಬೊಗ್ಗ ಕಿವಿ ನಿಮಿರಿಸಿ ಹಿಂದೆ ತಿರುಗಿದ. “ಅರೆ, ಕಡಲು!”

ಆಟ ಮತ್ತೆ ಶುರುವಾಯಿತು. ಜಿಂಕೆ ಬಂತು. ಬೊಗ್ಗ ಹಲ್ಲು ಕಚ್ಚಿ, ಏಡಿಯ ಹಾಗೇ ಅಡ್ಡಡ್ಡ ಹೆಜ್ಜೆ ಹಾಕಿದ. ಹೋತ ಗೋಲಿನ ಮುಂದೆ ಕಾಯುತ್ತಲೇ ಇತ್ತು. ಜಿಂಕೆಗೆ ಜಾಗ ಮುಗಿಯಿತು. ಅಲೆಯೊಂದು ಬಂದು ಚೆಂಡನ್ನು ಎಳೆದುಕೊಂಡಿತು.

“ಈ ಸಲ ಯಾಕೆ ನನ್ನ ಮೇಲೆ ಬೀಳಲಿಲ್ಲ?” ಎಂದಿತು ಜಿಂಕೆ.

ಬೊಗ್ಗನಿಗೆ ಅದು ಕೇಳಿಸಲೇ ಇಲ್ಲ. ನೀರಿನ ಮೇಲೆ ದೂರ ಓಡುತ್ತಿದ್ದ ಚೆಂಡನ್ನೇ ನೋಡುತ್ತಿದ್ದ; ನಾಲ್ಕೂ ಕಾಲು ಓಡಲು ತುಡಿಯುತ್ತಿದ್ದವು.

“ಈಗ ಅಟ್ಟು ಮಾರಾಯ,” ಎಂದರು ಮಾಸ್ತರರು.