ಕಿವಿಯಮ್ಮನ ಅಕ್ಕಿ

ಹೊಳೆಯ ಆಚೆ ದಡದಲ್ಲಿ ಊರುಗಳಿದ್ದವು. ಈಚೆ ದಡದಲ್ಲಿ ಕಿವಿಯಮ್ಮನ ಗುಡಿಯೊಂದೇ ಇತ್ತು.

ಆ ಗುಡಿಯ ದೇವಿಗೆ ಮುಖವಿರಲಿಲ್ಲ, ಕೈಕಾಲು ಇರಲಿಲ್ಲ. ಗೋಡೆಯಂಥ ಒಂದು ಕರಿಯ ಬಂಡೆ, ಅದರಲ್ಲಿ ಕೆತ್ತಿದ ಒಂದು ಕಿವಿ, ಅಷ್ಟೇ. ಕಿವಿಯ ತೂತು ಬಂಡೆಯನ್ನು ಹಾದು ಹಿಂದಿನ ಕೋಣೆಗೆ ತೆರೆಯುತ್ತಿತ್ತು.

ಹೊಳೆಯಲ್ಲಿ ಮುಳುಗುತ್ತಿದ್ದ ಮಗುವಿನ ಕೂಗು ಕೇಳಿ ತಾಯಿಯೊಬ್ಬಳು ಓಡಿ ಬಂದಳಂತೆ. ಬರುವಷ್ಟರಲ್ಲಿ ನೀರು ಸುಮ್ಮನಾಗಿತ್ತಂತೆ. ಇನ್ನೊಮ್ಮೆ ಕೂಗೀತೆಂದು ಕಿವಿಗೊಟ್ಟು ನಿಂತವಳು ಹಾಗೆಯೇ ಕಲ್ಲಾದಳಂತೆ. ಮಿಕ್ಕದ್ದೆಲ್ಲ ಸವೆದುಹೋಗಿ ಕಿವಿಯೊಂದು ಉಳಿಯಿತು ಎಂದು ಜನ ಹೇಳುತ್ತಿದ್ದರು.

ಅವಳಿಗೆ ಹೂವಿಲ್ಲ, ದೀಪವಿಲ್ಲ, ಗಂಟೆಯಿಲ್ಲ. ತಪ್ಪು ಮಾಡಿದವರು ಒಂದು ಹಿಡಿ ಅಕ್ಕಿ ತಂದು, ಮಾಡಿದ್ದನ್ನು ಕಿವಿಯಲ್ಲಿ ಹೇಳಿ, ಅಕ್ಕಿಯನ್ನು ತೂತಿಗೆ ಸುರಿಯಬೇಕು. ಹಿಂದಿನ ಕೋಣೆಯಲ್ಲಿ ಕುಳಿತ ಪೂಜಾರಿ ಅದನ್ನು ಕೇಳಿಸಿಕೊಳ್ಳಬೇಕು. ತಪ್ಪಿನ ಭಾರ ತಾನು ಹೊತ್ತಂತೆ ಆ ಅಕ್ಕಿಯನ್ನು ಬೇಯಿಸಿ ಉಣ್ಣಬೇಕು. ಬೇರೆ ಅನ್ನ ಮುಟ್ಟಬಾರದು. ಕೇಳಿದ್ದನ್ನು ಯಾರಿಗೂ ಹೇಳಬಾರದು.

ಬಂದವರು ಯಾರೆಂದು ತಿಳಿಯಬಾರದು ಎಂದು ದಂಡೆಗೆ ಬರುವ ಮೊದಲೇ ಅವರು ತಲೆಯಿಂದ ಕಾಲಿನವರೆಗೆ ಕಂಬಳಿ ಹೊದೆಯುತ್ತಿದ್ದರು. ನೀರಿನ ಮೇಲೆ ಮಾತಾಡುತ್ತಿರಲಿಲ್ಲ.

ಆ ಗುಡಿಯ ಪೂಜಾರಿ ತಿಪ್ಪಯ್ಯನವರು. ಹರಿಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದವನು ಅವರ ಶಿಷ್ಯ ಕೆಂಚಣ್ಣ.

ಕೆಂಚಣ್ಣ ಅಂಬಿಗರವನು. ಅವನ ಒಬ್ಬಳೇ ತಂಗಿ ಹಾಲವ್ವ ಗಂಡನ ಮನೆಯ ಬಾವಿಯಲ್ಲಿ ಸತ್ತಿದ್ದಳು. ತೊಟ್ಟಿಲಲ್ಲಿ ಹೆಣ್ಣುಕೂಸೊಂದನ್ನು ಬಿಟ್ಟುಹೋಗಿದ್ದಳು. ಕಾಲು ಜಾರಿತು ಎಂದರು. ಕೆಂಚಣ್ಣ ನಂಬಲಿಲ್ಲ. ನಂಬದಿದ್ದರೂ ಮಾಡುವುದೇನೂ ಇರಲಿಲ್ಲ, ಕಂಡವರು ಯಾರೂ ಇರಲಿಲ್ಲ. ತಂಗಿಯನ್ನು ಮಣ್ಣು ಮಾಡಿ, ಹೊಳೆ ದಾಟಿ ಬಂದು, ಗುರುಗಳ ಎದುರು ಕುಳಿತ.

"ಏನು ಬೇಕು?" ಎಂದು ಕೇಳಿದರು ಗುರುಗಳು.

"ಸುಮ್ಮನಿರುವುದನ್ನು ಕಲಿಸಿ."

ಗುರುಗಳು ಅವನ ಕೈಗೆ ಹರಿಗೋಲಿನ ಹುಟ್ಟು ಕೊಟ್ಟರು. ಅಂದಿನಿಂದ ಅವನು ಜನರನ್ನು ದಾಟಿಸುತ್ತ, ಸೌದೆ ಒಡೆಯುತ್ತ, ಗುಡಿಯ ಅಂಗಳ ಗುಡಿಸುತ್ತ ಉಳಿದ. ವರ್ಷಗಳು ಹೋದವು.

ಒಂದು ಮುಂಜಾನೆ ಒಬ್ಬ ಹೆಂಗಸು ಬಂದಳು. ಕಲ್ಲಿಗೆ ಬಾಯಿ ಹಚ್ಚಿ ಬಹಳ ಹೊತ್ತು ಅತ್ತಳು. ಅಕ್ಕಿ ಸುರಿದಳು. ಕೆಂಚಣ್ಣ ಅವಳನ್ನು ದಾಟಿಸಿ ಬಂದು ಹಿಂದಿನ ಕೋಣೆಗೆ ಇಣುಕಿದ.

ಅಕ್ಕಿ ನೆಲದ ಮೇಲೆಲ್ಲ ಚೆಲ್ಲಿತ್ತು. ಗುರುಗಳು ಖಾಲಿ ಮೊರ ಹಿಡಿದು, ಕಲ್ಲಿಗೆ ಕಿವಿಯಿಟ್ಟು ಇನ್ನೂ ಕಾಯುತ್ತಿದ್ದರು.

"ಅಯ್ಯ, ಆಕೆ ಹೋಗಿ ಆಯಿತು."

"ಬಂದಿದ್ದಳೇ?" ಎಂದರು ಗುರುಗಳು.

ಕೆಂಚಣ್ಣ ಅವರ ಎದುರು ಕುಳಿತ. ಗಟ್ಟಿಯಾಗಿ ಕೇಳಿದ. "ಯಾವಾಗಿನಿಂದ ಹೀಗೆ?"

"ಮಳೆಗಾಲದಿಂದ. ಎದುರು ಕೂತು ಗಟ್ಟಿಯಾಗಿ ಹೇಳಿದರೆ ತಿಳಿಯುತ್ತದೆ. ಕಲ್ಲಿನಿಂದ ಬರುವುದು ತಿಳಿಯುವುದಿಲ್ಲ."

"ಆದರೂ ಅಕ್ಕಿ ಬೇಯಿಸಿ ಉಂಡಿರಿ."

"ಉಂಡೆ."

"ಕೇಳಿಸದೆ ಉಂಡರೆ ಅದು ಬರೀ ಅನ್ನ, ಅಯ್ಯ. ಅವರು ಹೊಳೆ ದಾಟಿ ಬರುವುದು ನಮ್ಮ ಹೊಟ್ಟೆ ತುಂಬಿಸಲಿಕ್ಕೆ ಅಲ್ಲ."

ಗುರುಗಳು ತಲೆ ತಗ್ಗಿಸಿದರು.

"ನನ್ನನ್ನು ಕೂರಿಸಿ," ಎಂದ ಕೆಂಚಣ್ಣ.

"ಬೇಡ."

"ನಾನು ತಕ್ಕವನಲ್ಲವೇ?"

"ಅಲ್ಲಿ ಕೂತವನಿಗೆ ಹಿಂದೆ ಮುಂದೆ ಯಾರೂ ಇರಬಾರದು."

"ನನಗೆ ಯಾರಿದ್ದಾರೆ?"

ಗುರುಗಳು ಬಗ್ಗಿದರು. ನೆಲದಲ್ಲಿ ಚೆಲ್ಲಿದ ಕಾಳುಗಳನ್ನು ಆಯತೊಡಗಿದರು. ಕಾಳುಗಳು ಬೆರಳಿಗೆ ಸಿಗದೆ ಜಾರುತ್ತಿದ್ದವು. ಕಡೆಗೆ ಮೊರವನ್ನು ಶಿಷ್ಯನ ಕಡೆಗೆ ತಳ್ಳಿದರು.

ಕೆಂಚಣ್ಣ ಹಿಂದಿನ ಕೋಣೆಯಲ್ಲಿ ಕುಳಿತ.

ಅಣ್ಣನ ಹೊಲದ ಬದು ಒತ್ತಿದವನು ಬಂದ. ಬೇಕೆಂದೇ ಸೂಲಗಿತ್ತಿಯನ್ನು ತಡವಾಗಿ ಕರೆದು ಸೊಸೆಯನ್ನು ಸಾಯಗೊಟ್ಟ ಅತ್ತೆ ಬಂದಳು. ಕೆಂಚಣ್ಣ ಕೇಳಿದ, ಬೇಯಿಸಿದ, ಉಂಡ. ಎಷ್ಟು ಉಪ್ಪು ಹಾಕಿದರೂ ರುಚಿ ಹತ್ತಲಿಲ್ಲ.

"ಇದು ಅರಗುವುದು ಹೇಗೆ ಅಯ್ಯ?"

"ಅರಗುವುದಿಲ್ಲ," ಎಂದರು ಗುರುಗಳು.

ನವರಾತ್ರಿ ಕಳೆಯಿತು. ಹೊಳೆ ಇನ್ನೂ ತುಂಬಿ ಹರಿಯುತ್ತಿತ್ತು. ಕಂಬಳಿ ಹೊದ್ದ ಒಬ್ಬ ಗಂಡಸನ್ನು ಕೆಂಚಣ್ಣ ದಾಟಿಸಿ ತಂದ. ಅವನನ್ನು ಕಲ್ಲಿನ ಮುಂದೆ ಬಿಟ್ಟು, ತಾನು ಹಿಂದಕ್ಕೆ ಹೋಗಿ ಮೊರ ಹಿಡಿದು ಕುಳಿತ.

ಕಲ್ಲಿನೊಳಗಿಂದ ದನಿ ಬಂತು.

"ತಾಯೀ, ಈ ಸಲವೂ ಅದೇ. ಬೇರೆ ಏನೂ ಇಲ್ಲ. ಹಾಲವ್ವ ಕಾಲು ಜಾರಿ ಬೀಳಲಿಲ್ಲ."

ಕೆಂಚಣ್ಣನ ಕೈ ಮೊರದ ಅಂಚನ್ನು ಬಿಗಿಹಿಡಿಯಿತು.

"ಬಾವಿಕಟ್ಟೆಯ ಮೇಲೆ ಜಗಳವಾಯಿತು. ನೂಕಿದೆ. ನೂಕಿದ್ದು ಸಿಟ್ಟಿನಲ್ಲಿ. ಆಮೇಲೆ ಸಿಟ್ಟು ಇಳಿದಿತ್ತು, ತಾಯೀ. ಅವಳು ಹಗ್ಗ ಹಿಡಿದು ಮೇಲೆ ನೋಡುತ್ತಿದ್ದಳು. ಎಳೆದುಕೋ ಅಂದಳು. ಮೇಲೆ ಬಂದರೆ ಎಲ್ಲರಿಗೂ ಹೇಳುತ್ತಾಳೆ ಅನಿಸಿತು. ಹಗ್ಗದ ಗಂಟು ಬಿಚ್ಚಿದೆ."

ಕಲ್ಲಿನ ಆಚೆ ಅಕ್ಕಿಯ ಗಂಟು ಬಿಚ್ಚುವ ಸದ್ದಾಯಿತು.

"ಮಗಳು ಕೇಳುತ್ತಾಳೆ, ಅವ್ವ ಹೇಗೆ ಸತ್ತಳು ಅಂತ. ಕಾಲು ಜಾರಿತು ಅನ್ನುತ್ತೇನೆ."

ಅಕ್ಕಿ ಮೊರಕ್ಕೆ ಬಿತ್ತು.

ಕೆಂಚಣ್ಣ ಎದ್ದು ಹೊರಗೆ ಬಂದ. ಗುರುಗಳು ಜಗುಲಿಯ ಮೇಲೆ ಕುಳಿತಿದ್ದರು. ಶಿಷ್ಯನ ಮುಖ ನೋಡಿದರು. ಏನಾಯಿತೆಂದು ಕೇಳಲಿಲ್ಲ.

"ನಿಮಗೆ ಗೊತ್ತಿತ್ತು," ಎಂದ ಕೆಂಚಣ್ಣ.

"ಗೊತ್ತಿತ್ತು."

"ಶಿದ್ರಾಮ. ನನ್ನ ತಂಗಿಯ ಗಂಡ."

"ಹೌದು."

"ಮೊದಲು ಯಾವಾಗ ಬಂದ?"

"ನೀನು ಬರುವ ಮುಂಚೆ. ಅವಳ ತಿಥಿಯೂ ಆಗಿರಲಿಲ್ಲ."

"ನಾನು ಬಂದು ನಿಮ್ಮ ಎದುರು ಕೂತಾಗ ನಿಮ್ಮ ಹೊಟ್ಟೆಯಲ್ಲಿ ಆ ಅನ್ನ ಇತ್ತು."

ಗುರುಗಳು ತಲೆಯಾಡಿಸಿದರು.

"ಇಷ್ಟು ವರ್ಷ ಅವನನ್ನು ನಾನೇ ದಾಟಿಸಿದ್ದೇನೆ. ಹುಷಾರಾಗಿ ಕೂತುಕೋ ಅಂತ ಕೈ ಹಿಡಿದು ಹತ್ತಿಸಿದ್ದೇನೆ."

"ಹೌದು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಆಮೇಲೆ ಈ ಕಲ್ಲಿನ ಮುಂದೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ನಾನು ಹಾಗೆ ಅಂದುಕೊಂಡೆ."

"ಬಾಯಿ ಬಿಟ್ಟು ಏನಾಯಿತು? ಅವನು ಹಗುರಾಗಿ ಮನೆಗೆ ಹೋದ."

"ಹಗುರಾದವನು ವರ್ಷವರ್ಷವೂ ಬರುತ್ತಾನೆಯೇ?" ಎಂದರು ಗುರುಗಳು. ಆಮೇಲೆ ದನಿ ತಗ್ಗಿಸಿ ಹೇಳಿದರು. "ಆಚೆ ದಡದಲ್ಲಿ ಅತ್ತಿಮರದ ಕೆಳಗೆ ಒಂದು ಹುಡುಗಿ ಕೂತಿರುತ್ತಾಳೆ. ಹೋದ ವರ್ಷ ನೀನು ಅವಳಿಗೆ ಸೀಬೆಹಣ್ಣು ಕೊಟ್ಟೆ ಅಂದಿದ್ದೆ."

"ಅವಳು ಯಾರು?"

"ಹೊನ್ನಿ. ಹಾಲವ್ವನ ಮಗಳು. ಅವನು ಅವಳನ್ನು ಅಲ್ಲೇ ಕೂರಿಸಿ ಬರುತ್ತಾನೆ."

ಕೆಂಚಣ್ಣ ಹೊಳೆಯ ಕಡೆ ತಿರುಗಿದ. ಕಂಬಳಿ ಹೊದ್ದವನು ಆಗಲೇ ಹರಿಗೋಲಿನಲ್ಲಿ ಹೋಗಿ ಕುಳಿತು ಕಾಯುತ್ತಿದ್ದ.

"ಅಕ್ಕಿ ಇನ್ನೂ ಬೇಯಿಸಿಲ್ಲ," ಎಂದರು ಗುರುಗಳು.

"ನಾನು ಅದನ್ನು ಉಣ್ಣುವುದಿಲ್ಲ."

ಗುರುಗಳು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು. ಕೆಂಚಣ್ಣ ಆ ಕೈಯನ್ನು ಮೆಲ್ಲನೆ ಎತ್ತಿ ಪಕ್ಕಕ್ಕಿಟ್ಟು, ಹುಟ್ಟು ತೆಗೆದುಕೊಂಡು ಇಳಿದುಹೋದ.

ನಡುಹೊಳೆಯಲ್ಲಿ ಆನೆಯ ಬೆನ್ನಿನಂಥ ಒಂದು ಬಂಡೆ ಇತ್ತು. ಅದರ ಮರೆಗೆ ಹೋದರೆ ಎರಡು ದಡವೂ ಕಾಣುತ್ತಿರಲಿಲ್ಲ. ಕೆಂಚಣ್ಣ ಹರಿಗೋಲನ್ನು ಅಲ್ಲಿಗೆ ತಂದು, ಹುಟ್ಟು ಹಾಕುವುದನ್ನು ನಿಲ್ಲಿಸಿದ.

"ಕಂಬಳಿ ತೆಗಿ, ಶಿದ್ರಾಮ."

ಕಂಬಳಿ ಅಲುಗಲಿಲ್ಲ. ಆಮೇಲೆ ತಾನಾಗಿ ಕೆಳಗೆ ಜಾರಿತು. ಒಳಗಿದ್ದ ಮುಖ ಬಡವಾಗಿತ್ತು, ಗಡ್ಡ ನೆರೆತಿತ್ತು.

"ಭಾವ," ಎಂದ ಶಿದ್ರಾಮ.

"ಹಾಲವ್ವ ಹೇಗೆ ಸತ್ತಳು?"

ಶಿದ್ರಾಮ ನೀರನ್ನು ನೋಡಿದ. ಬಂಡೆಯನ್ನು ನೋಡಿದ.

"ಕಾಲು ಜಾರಿತು ಭಾವ. ಬಾವಿಯ ಕಟ್ಟೆ ಪಾಚಿಗಟ್ಟಿತ್ತು."

"ಈಗ ತಾನೇ ಕಲ್ಲಿಗೆ ಬೇರೆಯೇ ಹೇಳಿದೆ."

ಶಿದ್ರಾಮ ಹರಿಗೋಲಿನ ಅಂಚು ಹಿಡಿದುಕೊಂಡ.

"ಕಲ್ಲಿಗೆ ಹೇಳಿದ್ದನ್ನು ನನಗೆ ಹೇಳು. ಒಂದೇ ಒಂದು ಸಲ ಹೇಳು. ಹೇಳಿದರೆ ದಡಕ್ಕೆ ಬಿಡುತ್ತೇನೆ."

"ಪಾಚಿ ಇತ್ತು ಭಾವ. ಮಳೆ ಬಂದಿತ್ತು."

"ಹಗ್ಗದ ಗಂಟು ಬಿಚ್ಚಿದವರು ಯಾರು?"

ಶಿದ್ರಾಮ ಥಟ್ಟನೆ ಎದ್ದು ನಿಂತ. ಹರಿಗೋಲಿನಲ್ಲಿ ಎದ್ದು ನಿಲ್ಲಬಾರದು. ಅದು ಒಂದು ಕಡೆಗೆ ವಾಲಿತು. ಅವನು ಅಂಗಾತ ನೀರಿಗೆ ಬಿದ್ದ.

ಅವನಿಗೆ ಈಜು ಬರುತ್ತಿರಲಿಲ್ಲ. ಮುಳುಗಿ ಎದ್ದ. ಕೈ ಚಾಚಿದ. ಕೆಂಚಣ್ಣನ ಹುಟ್ಟು ನೀರಿನಲ್ಲೇ ಇತ್ತು, ಅವನ ಬೆರಳುಗಳಿಗೆ ಎಟುಕುವಷ್ಟು ಹತ್ತಿರ.

ಕೆಂಚಣ್ಣ ಹುಟ್ಟನ್ನು ಮೇಲೆತ್ತಿ ತೊಡೆಯ ಮೇಲಿಟ್ಟುಕೊಂಡ.

ಹೊಳೆ ಶಿದ್ರಾಮನನ್ನು ಬಂಡೆಯ ಆಚೆಗೆ ಎಳೆದುಕೊಂಡು ಹೋಯಿತು. ಕಂಬಳಿ ಮಾತ್ರ ಹರಿಗೋಲಿನಲ್ಲಿ ಉಳಿಯಿತು.

ಆಗ ಆಚೆ ದಡದಿಂದ ಒಂದು ದನಿ ಕೇಳಿಸಿತು. "ಅಪ್ಪಾ, ಬಂದೆಯಾ?"

ಕೆಂಚಣ್ಣ ಹರಿಗೋಲನ್ನು ಗುಡಿಯ ಕಡೆಗೆ ತಿರುಗಿಸಿದ.

ಗುರುಗಳು ಜಗುಲಿಯಿಂದ ಅವನು ಬರುವುದನ್ನು ನೋಡಿದರು. ಖಾಲಿ ಹರಿಗೋಲನ್ನು ನೋಡಿದರು, ಅದರೊಳಗಿನ ಕಂಬಳಿಯನ್ನು ನೋಡಿದರು. ಎದ್ದು, ಗೋಡೆ ಹಿಡಿದುಕೊಂಡು ನಡೆದು, ಹಿಂದಿನ ಕೋಣೆಗೆ ಹೋಗಿ ಕುಳಿತರು.

ಕೆಂಚಣ್ಣ ಅದೇ ಕೋಣೆಯ ಒಲೆಯ ಬಳಿ ಅಕ್ಕಿಗಾಗಿ ಹುಡುಕಿದ. ಆ ಗುಡಿಯಲ್ಲಿ ಅಕ್ಕಿ ಕೂಡಿಡುವ ವಾಡಿಕೆ ಇರಲಿಲ್ಲ. ಆಗಲೇ ಶಿದ್ರಾಮ ಸುರಿದದ್ದು ಮಾತ್ರ ಮೊರದಲ್ಲಿ ಬೇಯದೆ ಬಿದ್ದಿತ್ತು. ಅದನ್ನೇ ಹಿಡಿಯಲ್ಲಿ ತೆಗೆದುಕೊಂಡ.

ಇಷ್ಟು ವರ್ಷದಲ್ಲಿ ಅವನು ಕಲ್ಲಿನ ಮುಂದೆ ನಿಂತದ್ದು ಅದೇ ಮೊದಲು. ಮಂಡಿಯೂರಿ, ಕಿವಿಗೆ ಬಾಯಿ ಹಚ್ಚಿ, ನಡೆದದ್ದನ್ನೆಲ್ಲ ಹೇಳಿದ. ಹುಟ್ಟು ಎಷ್ಟು ಹತ್ತಿರವಿತ್ತೆಂದು ಹೇಳಿದ. ದಡದಿಂದ ಕೂಗಿದ ದನಿಯನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಕುಗ್ಗಿ ಬರೀ ಉಸಿರಾಯಿತು.

ಅಕ್ಕಿಯನ್ನು ತೂತಿಗೆ ಸುರಿದು, ಹಣೆಯನ್ನು ಕಲ್ಲಿಗೆ ಒತ್ತಿ ಕಾದ. ಒಲೆ ಹೊತ್ತಿಸುವ ಸದ್ದಿಗಾಗಿ ಕಾದ.

ಸದ್ದು ಬರಲಿಲ್ಲ.

ಆಮೇಲೆ ಕಲ್ಲಿನೊಳಗೆ ಏನೋ ಕೆರೆದಂತಾಯಿತು. ಕಿವಿಯ ತೂತಿನಿಂದ ಒಂದು ಕಾಳು ಹೊರಬಿತ್ತು, ಇನ್ನೊಂದು ಬಿತ್ತು. ಗುರುಗಳು ಒಳಗಿನಿಂದ ಬೆರಳಿನಲ್ಲಿ ತಳ್ಳುತ್ತಿದ್ದರು. ಅಕ್ಕಿಯೆಲ್ಲ ಕೆಂಚಣ್ಣನ ಮಂಡಿಯ ಮುಂದೆ ಸುರಿಯಿತು. ಆ ಕಿವಿಗೆ ಹೋದದ್ದು ಎಂದೂ ಹಿಂದಕ್ಕೆ ಬಂದದ್ದಿರಲಿಲ್ಲ.

ಗುರುಗಳು ಗೋಡೆ ಹಿಡಿದುಕೊಂಡು ಮುಂದಕ್ಕೆ ಬಂದರು.

ಕೆಂಚಣ್ಣ ತಲೆಯೆತ್ತಿದ. "ನಿಮಗೆ ಕೇಳಿಸಲಿಲ್ಲವೇ ಅಯ್ಯ? ಬೇಕಾದರೆ ಎದುರು ಕೂತು ಗಟ್ಟಿಯಾಗಿ ಹೇಳುತ್ತೇನೆ."

"ಕೇಳಿಸಲಿಲ್ಲ. ಹರಿಗೋಲು ನೋಡಿದೆ."

"ಮತ್ತೆ ಯಾಕೆ ಉಣ್ಣಲಿಲ್ಲ?"

"ಮೊದಲ ಸಲ ಇದನ್ನು ಶಿದ್ರಾಮ ತಂದಾಗಲೇ ನಾನು ಬೇಯಿಸಬಾರದಿತ್ತು."

ಕೆಂಚಣ್ಣ ನೆಲದ ಮೇಲಿನ ಅಕ್ಕಿಯನ್ನು ನೋಡಿದ. "ಇದನ್ನು ನಾನು ಏನು ಮಾಡಲಿ?"

ಗುರುಗಳು ಬಗ್ಗಿ, ಅಕ್ಕಿಯನ್ನು ಬಳಿದು ಒಟ್ಟುಮಾಡಿ, ಶಿಷ್ಯನ ಮೇಲುಹೊದಿಕೆಯ ಸೆರಗಿನಲ್ಲಿ ಕಟ್ಟಿದರು. ಗಂಟು ಬಿಗಿಯಾಯಿತೇ ಎಂದು ಎಳೆದು ನೋಡಿದರು. ಆಮೇಲೆ ಹುಟ್ಟನ್ನು ತಂದು ಅವನ ಕೈಯಲ್ಲಿಟ್ಟರು.

"ಹೊತ್ತು ಇಳಿಯುತ್ತಿದೆ. ಹೊನ್ನಿ ಮರದ ಕೆಳಗೆ ಒಬ್ಬಳೇ ಕಾಯುತ್ತಿದ್ದಾಳೆ. ಹೋಗಿ ಅವಳಿಗೆ ಹೇಳು. ಅವ್ವನದೂ ಹೇಳು, ಅಪ್ಪನದೂ ಹೇಳು."