ಹಿಮನದಿಯ ಹೊಟ್ಟೆಗೆ ಕಿವಿಗೊಟ್ಟ ಇವಾಲು

ಹಿಂದೆ, ತೀರಾ ಹಿಂದೆ, ನನ್ನಜ್ಜಿಯ ಅಜ್ಜಿ ಇನ್ನೂ ತಾಯಿಯ ಬೆನ್ನ ಮೇಲೆ ಕೂತು ಜೊಲ್ಲು ಸುರಿಸುತ್ತಿದ್ದ ಕಾಲದಲ್ಲಿ, ಬಡಗಣ ಕಡಲಂಚಿನ ಒಂದು ಊರಲ್ಲಿ ಇವಾಲು ಅಂತ ಒಬ್ಬ ಮುದುಕಿ ಇದ್ದಳಂತೆ. ಊರ ಮುಂದೆ ಕಡಲು, ಊರ ಹಿಂದೆ ಹಿಮನದಿ.

ಅವಳ ಕಿವಿಯ ಬಗ್ಗೆ ಜನ ಏನೇನೋ ಹೇಳುತ್ತಾರೆ. ಆಚೆ ಕೊಲ್ಲಿಯಲ್ಲಿ ಸೀಲ್ ಆಕಳಿಸಿದರೆ ಅವಳಿಗೆ ಈಚೆ ಕೇಳುತ್ತಿತ್ತಂತೆ. ಮೀನು ಮೀನಿಗೆ ಚಾಡಿ ಹೇಳಿದರೂ ಕೇಳುತ್ತಿತ್ತಂತೆ. ಅಷ್ಟೆಲ್ಲ ನಾನು ನಂಬುವವಳಲ್ಲ. ಆದರೆ ಅವಳು ಹಿಮನದಿಯ ಮೇಲೆ ಕಿವಿಯಿಟ್ಟು ಮಲಗುತ್ತಿದ್ದದ್ದು ಮಾತ್ರ ನಿಜ, ನನ್ನಜ್ಜಿ ಆಣೆಯಿಟ್ಟು ಹೇಳಿದ್ದಾಳೆ.

ಸತ್ತವರ ಹೆಸರನ್ನು ಆಮೇಲೆ ಹುಟ್ಟಿದ ಕೂಸಿಗೆ ಇಡುವುದು ನಮ್ಮಲ್ಲಿ ಮೊದಲಿಂದಲೂ ಇದೆ. ಹೆಸರಿನ ಜೊತೆ ನಂಟೂ ಬರುತ್ತದೆ. ಇವಾಲುವಿನ ತಲೆ ನರೆಯುವ ಹೊತ್ತಿಗೆ ಅವಳ ಅಪ್ಪ ಇನೂತೇಕ್ ಹಿಮನದಿಯ ಬಿರುಕಿಗೆ ಬಿದ್ದು ಸತ್ತ. ಆ ವರ್ಷ ಪಕ್ಕದ ಮನೆಯಲ್ಲಿ ಹುಟ್ಟಿದ ಗಂಡುಕೂಸಿಗೆ ಅವನ ಹೆಸರಿಟ್ಟರು. ಅವತ್ತಿನಿಂದ ಇವಾಲು ಅದನ್ನು ಅಪ್ಪಾ ಅಂತಲೇ ಕರೆದಳಂತೆ. ಹಲ್ಲು ಬಾರದ ಅಪ್ಪ, ಹಲ್ಲು ಬಿದ್ದ ಮಗಳು! ಆ ಕೂಸು ಬೆಳೆದು ಊರಿನಲ್ಲೇ ಗಟ್ಟಿ ಬೇಟೆಗಾರನಾದ. ನಾಯಿಗಳನ್ನು ಕಟ್ಟಿದ ಜಾರುಬಂಡಿ ಓಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲವಂತೆ.

ಆ ಕಾಲದಲ್ಲಿ ಬೇಸಿಗೆ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಾ ಬಂತು. ಹಿಮನದಿಯ ಮೇಲೆ ನೀಲಿ ಕೆರೆಗಳು ನಿಲ್ಲತೊಡಗಿದವು, ಆ ನೀರು ಬಿರುಕುಗಳಲ್ಲಿ ಇಳಿದು ಎಲ್ಲಿಗೋ ಹೋಗುತ್ತಿತ್ತು. ಒಂದು ವರ್ಷ ಚಳಿಗಾಲ ಮುಗಿಯುವ ಮೊದಲೇ ಊರಿನ ಮಾಂಸವೆಲ್ಲ ಮುಗಿಯಿತು. ಮಕ್ಕಳು ಚರ್ಮದ ಚೂರು ಅಗಿಯುತ್ತಿದ್ದವಂತೆ. ಸೀಲ್‌ಗಳಿದ್ದದ್ದು ಆಚೆ ಕೊಲ್ಲಿಯಲ್ಲಿ, ದಾರಿ ಇದ್ದದ್ದು ಹಿಮನದಿಯ ನಡುವೆ. ಇನೂತೇಕ್ ನಾಯಿಗಳನ್ನು ಕಟ್ಟಿದ, ಉಳಿದ ಬಂಡಿಗಳು ಅವನ ಹಿಂದೆ ನಿಂತವು.

ಇವಾಲು ಹೋಗಿ ಕಿವಿಯಿಟ್ಟು ಮಲಗಿದಳು. ಎದ್ದು, ಇದರ ಹೊಟ್ಟೆ ಕೆಟ್ಟಿದೆ, ನಡುವೆ ಹೋಗಬೇಡಿ ಅಂದಳಂತೆ. ಮೊದಲೆಲ್ಲ ಒಣ ಮೂಳೆ ಮುರಿದ ಹಾಗೆ ಲಟಕ್ಕೆನ್ನುತ್ತಿದ್ದದ್ದು ಈಗ ಗುಳುಗುಳು ಅನ್ನುತ್ತಿದೆ ಅಂದಳಂತೆ.

ಜನ ನಕ್ಕರು. ಉಗುಳಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವ ಚಳಿ, ಇದರಲ್ಲಿ ಒಳಗೆ ನೀರೆಲ್ಲಿಂದ ಬರಬೇಕು ಅಂದರು. ಇವಾಲುವೂ ನಗುತ್ತಲೇ ಹೇಳಿದಳಂತೆ: ಬೇಸಿಗೆಯ ನೀರು ಒಳಗಿಳಿದು ಗಟ್ಟಿಯಾಗುವಾಗ ತನ್ನ ಬಿಸಿಯನ್ನು ಪಕ್ಕದ ಹಿಮಕ್ಕೆ ಕೊಟ್ಟು ಮಲಗುತ್ತದೆ. ಹಾಗೆ ವರ್ಷವರ್ಷವೂ ಕೊಟ್ಟು ಕೊಟ್ಟು ಒಳಗೆ ಬೆಚ್ಚಗಾಗಿದೆ. ಈಗ ಇಳಿದ ನೀರು ಗಟ್ಟಿಯಾಗದೆ ಸುರಂಗ ಕೊರೆಯುತ್ತಿದೆ. ಚರ್ಮ ತಣ್ಣಗಿದೆ ಅಂತ ಹೊಟ್ಟೆಯೂ ತಣ್ಣಗಿರಬೇಕಾ?

ಊರಿಗೊಂದು ದಾರಿಯಾದರೆ ಈ ಮುದುಕಿಗೊಂದು ದಾರಿ ಅಂದರು ಜನ. ಅಂಚಿನ ಕಲ್ಲುದಾರಿಯೇನೋ ಇತ್ತು, ಆದರೆ ಅದು ಬಲು ಸುತ್ತು. ಹಸಿದ ಮಕ್ಕಳನ್ನು ಅಷ್ಟು ದಿನ ಕಾಯಿಸಲಾರೆ ಅಂದ ಇನೂತೇಕ್.

ಆಗ ಇವಾಲು ಏನು ಮಾಡಿದಳು ಗೊತ್ತಾ? ಹೋಗಿ ಅವನ ಬಂಡಿಯ ಮೇಲೆ ಧೊಪ್ಪನೆ ಕೂತುಬಿಟ್ಟಳು.

"ಅಪ್ಪಾ, ಒಂದು ಸಲ ನನ್ನನ್ನು ತಬ್ಬಲಿ ಮಾಡಿದ್ದೀಯ. ಈ ವಯಸ್ಸಿನಲ್ಲಿ ಇನ್ನೊಂದು ಸಲ ನನ್ನ ಕೈಲಾಗದು."

ಮಗಳನ್ನು ಬಂಡಿಯಿಂದ ತಳ್ಳುವ ಅಪ್ಪ ಊರಲ್ಲಿ ಮುಖ ಎತ್ತಿ ತಿರುಗುವುದು ಹೇಗೆ? ಇನೂತೇಕ್ ಹಲ್ಲು ಕಚ್ಚಿಕೊಂಡು ನಾಯಿಗಳನ್ನು ಕಲ್ಲುದಾರಿಗೆ ತಿರುಗಿಸಿದ, ಉಳಿದ ಬಂಡಿಗಳೂ ಹಿಂದೆ ಬಂದವು. ದಾರಿಯುದ್ದಕ್ಕೂ ಅವನು ಗೊಣಗಿದ, ಅವಳು ಹಾಡಿದಳು. ನಾಯಿಗಳಿಗೆ ಅವಳ ಹಾಡೇ ಹೆಚ್ಚು ಕಷ್ಟವಾಯಿತಂತೆ.

ಅರ್ಧ ದಾರಿ ಹೋಗಿರಬೇಕು, ಹಿಮನದಿಯೊಳಗಿಂದ ಒಂದು ನರಳಾಟ ಕೇಳಿತಂತೆ. ನೋಡನೋಡುತ್ತಿದ್ದಂತೆ ಅದರ ನಡುಬೆನ್ನು ಕುಸಿಯಿತು. ಕೆಳಗಿನ ಬಾಯಿಂದ ಕಂದು ನೀರು ಭೋರೆಂದು ನುಗ್ಗಿ ಕಡಲಿಗೆ ಬಿತ್ತು. ದಿನಾ ಅವರು ಓಡಾಡುತ್ತಿದ್ದ ದಾರಿ ಇದ್ದಲ್ಲಿ ಒಂದು ಹಳ್ಳವಿತ್ತು.

ಇನೂತೇಕ್ ತನ್ನ ಕರಡಿಚರ್ಮ ತೆಗೆದು ಮುದುಕಿಗೆ ಹೊದೆಸಿದ.

"ಚಳಿಯಾಗ್ತಿದೆಯಾ, ಮಗಳೇ?" ಅಂದ. ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲಂತೆ.

ಆಚೆ ಕೊಲ್ಲಿಯಲ್ಲಿ ಬಂಡಿ ತುಂಬ ಸೀಲ್ ಸಿಕ್ಕಿತು. ಇವಾಲುವಿನ ಹಾಡು ಕೇಳಿ ಸೀಲ್‌ಗಳೇ ಬಂದು ಬಂಡಿ ಹತ್ತಿದವು ಅಂತಲೂ ಹೇಳುತ್ತಾರೆ, ಹೇಳಲಿ ಬಿಡಿ. ಮಕ್ಕಳ ಹೊಟ್ಟೆ ತುಂಬಿತು.

ಈಗಲೂ ನಮ್ಮೂರಲ್ಲಿ ಇವಾಲು ಅನ್ನುವ ಹೆಸರಿನ ಹುಡುಗಿ ಇಲ್ಲದ ಕಾಲವಿಲ್ಲ. ಬಂಡಿಗಳು ಹಿಮನದಿ ಹತ್ತುವ ಮೊದಲು ಅವಳನ್ನು ಕರೆತಂದು, ಚರ್ಮ ಹಾಸಿ, ಕಿವಿಯಿಟ್ಟು ಮಲಗಿಸುತ್ತಾರೆ. ಹೋಗೋಣವಾ ಮಗಳೇ ಅಂತ ಕೇಳುತ್ತಾರೆ. ಅವಳು ಎದ್ದು ಹೂಂ ಅನ್ನುವವರೆಗೆ ಯಾರೂ ಹೆಜ್ಜೆ ಕೀಳುವಂತಿಲ್ಲ.

ಈ ಸಲದ ಇವಾಲುವಿಗೆ ಇನ್ನೂ ಮಾತು ಬಂದಿಲ್ಲ. ಮಲಗಿಸಿದ ಕೂಡಲೇ ನಿದ್ದೆ ಹೋದಳು. ಮೀಸೆಯಲ್ಲಿ ಹಿಮ ಕಟ್ಟಿದ ಗಂಡಸರೆಲ್ಲ ಕಾದರು, ಕಾದರು, ಸಾಕಾಗಿ ತಾವೂ ಒಬ್ಬೊಬ್ಬರಾಗಿ ಅವಳ ಪಕ್ಕ ಕಿವಿಯಿಟ್ಟು ಮಲಗಿದರು. ಆಗ ಅವರಿಗೂ ಆ ಗುಳುಗುಳು ಕೇಳಿಸಿತು. ಕೂಸನ್ನು ಎಬ್ಬಿಸದೆ, ಸದ್ದು ಮಾಡದೆ, ಬಂಡಿಗಳನ್ನು ಕಲ್ಲುದಾರಿಗೆ ತಿರುಗಿಸಿದರು.