ಹದಿನೇಳೋ ಇಪ್ಪತ್ತೊಂದೋ

ಕೃಷ್ಣೆಯ ದಂಡೆಯಲ್ಲಿ ಒಂದು ಮಠದ ಆಸ್ಪತ್ರೆ. ಅಲ್ಲಿ ಎಲುಬಿನ ವೈದ್ಯರಾದ ಈರಸಂಗಪ್ಪನವರ ಕೈಕೆಳಗೆ ಸುಗಂಧಾ ಎಂಬ ಯುವ ವೈದ್ಯೆ ಕಲಿಯುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಎರಡು ಫಿಲ್ಮು ಹಿಡಿದು ಗುರುಗಳ ಮುಂದೆ ನಿಂತಳು. ಎರಡೂ ರೇಣವ್ವನ ಬಲ ಮೊಣಕಾಲಿನವು. ರೇಣವ್ವ ಕಾಲೇಜಿನ ಖೊ-ಖೊ ತಂಡದ ಹುಡುಗಿ. ಒಂದೇ ವರ್ಷದಲ್ಲಿ ಮೂರು ಸಲ ಅವಳ ಮೊಣಕಾಲ ಚಿಪ್ಪು ಜಾರಿತ್ತು.

“ಚಿಪ್ಪು ಓಡಾಡೋ ತಗ್ಗಿಗೂ ಕೆಳಗಿನ ಎಲುಬಿನ ಉಬ್ಬಿಗೂ ಅಡ್ಡ ಅಂತರ ಅಳದೀನಿ, ಸರ್. ಇಪ್ಪತ್ತು ಮಿಲಿಮೀಟರ್ ದಾಟಿದ್ರ ಆ ಉಬ್ಬಿನ ಎಲುಬು ಕತ್ತರಿಸಿ ಒಳಗ ಸರಿಸಬೇಕು. ಸಿಟಿ ಸ್ಕ್ಯಾನಿನ್ಯಾಗ ಇಪ್ಪತ್ತೊಂದು ಬಂದದ. ಎಂಆರ್‌ಐನ್ಯಾಗ ಹದಿನೇಳು.”

“ನೀ ಏನ್ ಮಾಡಿದಿ?”

“ಕೂಡಿಸಿ ಅರ್ಧ ಮಾಡಿದೆ. ಹತ್ತೊಂಬತ್ತು. ಕತ್ತರಿಸೋದು ಬ್ಯಾಡ ಅಂತ ಬರದೀನಿ.”

“ಆ ಹತ್ತೊಂಬತ್ತರ ಮೊಣಕಾಲು ಯಾರದವ್ವಾ?”

ಸುಗಂಧಾ ಎರಡೂ ಫಿಲ್ಮುಗಳನ್ನು ಮತ್ತೆ ಬೆಳಕಿಗೆ ಹಿಡಿದಳು.

ಗುರುಗಳು ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಕಾಲು ಸ್ವಲ್ಪ ಮಡಚಿ, ಒಂದು ಬೆರಳು ಅವಳದೇ ಮೊಣಕಾಲ ಚಿಪ್ಪಿನ ಮೇಲೆ, ಇನ್ನೊಂದು ಕೆಳಗಿನ ಉಬ್ಬಿನ ಮೇಲೆ ಇಡಲು ಹೇಳಿದರು.

“ಈಗ ಕಾಲು ನೆಟ್ಟಗ ಚಾಚು.”

ಕೆಳಗಿನ ಬೆರಳು ಹೊರಕ್ಕೆ ಸರಿಯಿತು; ಅಡ್ಡ ಅಂತರ ಹೆಚ್ಚಿತು.

ಅವಳು ಎದ್ದವಳೇ ಸ್ಕ್ಯಾನ್ ಕೋಣೆಗೆ ಓಡಿದಳು. ಏದುಸಿರು ಬಿಡುತ್ತ ಮರಳಿ ಬಂದಳು.

“ಸಿಟಿಯೊಳಗ ಕಾಲು ನೆಟ್ಟಗಿತ್ತಂತ. ಎಂಆರ್‌ಐಗೆ ಮೊಣಕಾಲ ಕೆಳಗ ದಿಂಬು ಕೊಟ್ಟು ಸ್ವಲ್ಪ ಮಡಚಿದ್ರಂತ. ಎರಡೂ ಖರೇನ, ಸರ್! ಹಂಗಾದ್ರ ಯಾವುದನ್ನ ನಂಬಲಿ? ಒಮ್ಮೆ ಕತ್ತರಿಸಿದ ಎಲುಬು ಮತ್ತ ಮೊದಲಿನಂಗ ಆಗೂದಿಲ್ಲ.”

“ಹೆದರಿಕಿ ಆತೇನು?”

“ಹೂಂ ರೀ.”

“ಇರಲಿ. ಹೆದರಿಕಿ ಸಂಗಾಟನ ಆಕಿ ಹತ್ರ ಹೋಗು. ಚಿಪ್ಪು ಯಾವಾಗ ಜಾರತದ ಅಂತ ಕೇಳೀಯೇನು?”

ಕೇಳಿರಲಿಲ್ಲ.

ರೇಣವ್ವ ಹಾಸಿಗೆಯಲ್ಲಿ ಒರಗಿ ಕೂತಿದ್ದಳು.

“ಮಡಚಿದಾಗ ಏನೂ ಇಲ್ರಿ ಅಕ್ಕಾರ. ಪೂರ್ತಿ ಚಾಚಿದ್ನೆಂದ್ರ ಹೊರಗ ಜಿಗಿತೈತ್ರಿ. ಆಟ ಹೋಗ್ಲಿ, ಈಗ ಬಚ್ಚಲಕ್ಕ ಹೋಗಾಕೂ ಅವ್ವನ ಕೈ ಹಿಡಕೋತೀನಿ.”

“ನನಗೊಂದ್ಸಲ ತೋರಸ್ತಿಯೇನವ್ವಾ? ಮೆಲ್ಲಕ.”

ಸುಗಂಧಾ ಮೊಣಕಾಲಿನ ಮೇಲೆ ಅಂಗೈ ಇಟ್ಟಳು. ರೇಣವ್ವ ಹಲ್ಲು ಕಚ್ಚಿ ಕಾಲು ಚಾಚಿದಳು. ಕಾಲು ನೆಟ್ಟಗಾಗುವ ಹೊತ್ತಿಗೆ ಚಿಪ್ಪು ಅಂಗೈಯ ಅಡಿಯಲ್ಲೇ ಹೊರಕ್ಕೆ ಜಿಗಿಯಿತು. ಹುಡುಗಿ ಕಣ್ಣು ಮುಚ್ಚಿದಳು. ಸುಗಂಧಾ ಕೈ ತೆಗೆಯಲಿಲ್ಲ.

ಕಾಲು ನೆಟ್ಟಗಿದ್ದಾಗಿನ ಇಪ್ಪತ್ತೊಂದನ್ನೇ ಹಿಡಿದು, ಆ ವಾರವೇ ಗುರು ಶಿಷ್ಯೆ ಇಬ್ಬರೂ ಸೇರಿ ಎಲುಬು ಕತ್ತರಿಸಿ ಒಳಗೆ ಸರಿಸಿ ಕೂರಿಸಿದರು.

ಐದು ತಿಂಗಳ ಮೇಲೆ ರೇಣವ್ವ ಬಂದು, ಕಾಲು ಚಾಚಿ, ಮಡಚಿ, ಮತ್ತೆ ಚಾಚಿ ತೋರಿಸಿದಳು. ತಾನೇ ನಂಬಲಾರದೆ ನಕ್ಕಳು.

ಅವಳು ಹೋದ ಮೇಲೆ ಸುಗಂಧಾ ಪುಸ್ತಕ ತೆರೆದಳು.

“ಸಿಟಿ ಅಳತಿನ ಸರಿ ಅಂತ ಬರಕೊಳ್ಳಲೇನ್ರಿ, ಸರ್?”

“ರೇಣವ್ವನ ಹೆಸರಿನ ಕೆಳಗ ಬರಕೋ,” ಎಂದರು ಗುರುಗಳು. “ನಾಳೆ ಬರೋರ ಹಾಳಿ ಖಾಲಿ ಇರಲಿ.”